ಮೂವತ್ತಾರು ಅಡಿಯ ಕಂಬ

ನಮ್ಮ ಲೆಕ್ಕದ ಮೇಷ್ಟರ ಒಂದು ಕೈಯ ತೋರುಬೆರಳು ತುದಿಯ ಗೆಣ್ಣಿನಲ್ಲಿ ಸೊಟ್ಟಗಿತ್ತು. ಯಾವ ಕೈ ಎಂದು ಕೇಳಿದರೆ ಪ್ರಮಾಣ ಮಾಡಿ ಹೇಳಲಾರೆ. ಬಲಗೈ ಎಂದೇ ಇಷ್ಟು ವರ್ಷ ನಂಬಿದ್ದೆ. ಆದರೆ ಅವರು ಆ ಬೆರಳಿಗೆ ದಾರ ಸುತ್ತಿ ಕಪ್ಪುಹಲಗೆಗೆ ಒತ್ತಿ ಹಿಡಿದು, ದಾರದ ಇನ್ನೊಂದು ತುದಿಗೆ ಕಟ್ಟಿದ ಸೀಮೆಸುಣ್ಣದಿಂದ ಒಂದೇ ಬೀಸಿಗೆ ವೃತ್ತ ಎಳೆಯುತ್ತಿದ್ದುದು ಕಣ್ಣಿಗೆ ಕಟ್ಟಿದಂತಿದೆ. ಹಾಗಾದರೆ ಸುಣ್ಣ ಹಿಡಿದದ್ದು ಬಲಗೈ, ಸೊಟ್ಟಬೆರಳು ಎಡಗೈಯದು ಆಗಬೇಕು. ಅಥವಾ ಅವರು ಎಡಚರೇ? ಗೊತ್ತಿಲ್ಲ. ಮೂರು ವರ್ಷ ಅವರ ಎದುರು ಕುಳಿತವನು ನಾನು.

ಇಷ್ಟು ಸಣ್ಣ ವಿಷಯದಲ್ಲೇ ನೆನಪು ಹೀಗೆ ಜಾರುವಾಗ, ಮುಂದೆ ಹೇಳುವುದನ್ನು ಓದುವವರು ಸ್ವಲ್ಪ ಎಚ್ಚರದಿಂದ ಓದುವುದು ಒಳ್ಳೆಯದು. ನನ್ನ ಒಂದು ಮಾತು, ನನ್ನ ಒಂದು ಯೋಚನೆ, ಇವೆರಡರಲ್ಲಿ ಯಾವುದು ಮೊದಲು ಬಂತು ಎಂಬುದರ ಮೇಲೆ ಇಡೀ ಕಥೆ ನಿಂತಿದೆ. ಅದೇ ನನಗೆ ತಿಳಿಯದು. ಕೆಲವು ದಿನ ಒಂದು ಮೊದಲು ಬಂದಂತೆ ತೋರುತ್ತದೆ, ಕೆಲವು ದಿನ ಇನ್ನೊಂದು. ಮಾತು ಮೊದಲು ಬಂತೆಂದು ತೋರಿದ ದಿನ ನಾನು ದಡ್ಡ. ಯೋಚನೆ ಮೊದಲು ಬಂತೆಂದು ತೋರಿದ ದಿನ ಏನೆಂದು ಹೇಳಿಕೊಳ್ಳಲು ನನಗೆ ಇಷ್ಟವಿಲ್ಲ.

ಮೇಷ್ಟರ ಊರು ಹೊಸದುರ್ಗದ ಸೀಮೆ, ಮಾಡದಕೆರೆಯ ಹತ್ತಿರದ ಹಳ್ಳಿ. ಚಿತ್ರದುರ್ಗದ ಹೈಸ್ಕೂಲಿನಲ್ಲಿ ಮೇಲಿನ ತರಗತಿಗಳಿಗೆ ಗಣಿತ ಹೇಳುತ್ತಿದ್ದರು. ಆಗ ನಮ್ಮ ಮೈಸೂರು ಸಂಸ್ಥಾನಕ್ಕೆ ತನ್ನದೇ ವಿಶ್ವವಿದ್ಯಾನಿಲಯ ಇರಲಿಲ್ಲ. ಪ್ರಶ್ನೆಪತ್ರಿಕೆ ಮದರಾಸಿನಿಂದ ಅರಗಿನ ಮೊಹರು ಹಾಕಿಸಿಕೊಂಡು ಬರುತ್ತಿತ್ತು. ನಮ್ಮ ಉತ್ತರಗಳು ಅದೇ ರೀತಿ ಮೊಹರು ಹಾಕಿಸಿಕೊಂಡು ಅಲ್ಲಿಗೆ ಹೋಗುತ್ತಿದ್ದವು. ಮೇಷ್ಟರು ಅದೇ ಮದರಾಸಿನ ಬಿ.ಎ. ಪರೀಕ್ಷೆಯಲ್ಲಿ, ಅದೂ ಗಣಿತದಲ್ಲಿ, ನಪಾಸಾದವರು. ಮೊದಲ ಪ್ರಶ್ನೆಯ ಉತ್ತರ ಬಂತಂತೆ; ಅದು ಏಕೆ ಸರಿ ಎಂಬುದು ಮಾತ್ರ ತಮಗೆ ತೃಪ್ತಿಯಾಗುವಂತೆ ತಿಳಿಯಲಿಲ್ಲವಂತೆ. ಮೂರು ಗಂಟೆಯನ್ನೂ ಅದರಲ್ಲೇ ಕಳೆದು ಎದ್ದು ಬಂದರಂತೆ. ಊರಿನ ವಕೀಲರೊಬ್ಬರು ಪೇಟೆಯಲ್ಲಿ ಕಂಡಾಗಲೆಲ್ಲ ಇದನ್ನೇ ಎತ್ತುತ್ತಿದ್ದರು: "ಮೇಷ್ಟ್ರೆ, ಎರಡನೇ ಪ್ರಶ್ನೆ ಇನ್ನೂ ನಿಮಗೆ ಕಾಯ್ತಾ ಕುಂತೈತಂತೆ." ಮೇಷ್ಟರು ನಗದೆ ಹೇಳುತ್ತಿದ್ದರು: "ಇರ್ಲಿ ಬಿಡ್ರಿ. ಮೊದಲನೇದು ಮುಗೀಲಿ, ಅದರ ಹತ್ರಕ್ಕೂ ಹೋಗಾಣ."

ಸೊಂಟದ ಬಟ್ಟೆಯ ಗಂಟಿನಲ್ಲಿ ಯಾವಾಗಲೂ ಮಂಡಕ್ಕಿ. ನಮ್ಮ ಉತ್ತರಗಳನ್ನು ತಿದ್ದುವಾಗ ಒಂದೊಂದೇ ಕಾಳು ಬಾಯಿಗೆ ಹಾಕಿಕೊಳ್ಳುವರು. ತಪ್ಪು ಸಿಕ್ಕರೆ ಅಗಿಯುವುದು ನಿಲ್ಲುತ್ತಿತ್ತು. ನಾವು ದೂರದಿಂದ ಅವರ ದವಡೆಯನ್ನೇ ನೋಡುತ್ತಾ ನಿಂತಿರುತ್ತಿದ್ದೆವು.

ಹುಡುಗರು ನಿಜವಾಗಿ ಕಲಿತಿದ್ದಾರೆಯೇ ಎಂಬುದೊಂದೇ ಅವರ ಚಿಂತೆ. ಪ್ರಮೇಯಗಳನ್ನು ಮಂತ್ರದ ಹಾಗೆ ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿ ಒಪ್ಪಿಸುವುದು ಆಗಿನ ಪದ್ಧತಿ. ಎ, ಬಿ, ಸಿ ಎಂದು ಗುರುತಿಸಿದ ತ್ರಿಕೋನವನ್ನು ನಾವು ಗಿಳಿಗಳಂತೆ ಸಾಧಿಸಿ ಕೂರುತ್ತಿದ್ದೆವು. ಮೇಷ್ಟರು ಅದೇ ತ್ರಿಕೋನವನ್ನು ತಲೆಕೆಳಗು ಮಾಡಿ ಬರೆದು, ಮೂಲೆಗಳಿಗೆ ಕ, ಚ, ಟ ಎಂದು ಹೆಸರಿಟ್ಟು, "ಈಗ ಹೇಳ್ರಪ್ಪ" ಎನ್ನುವರು. ಅರ್ಧ ತರಗತಿ ಮೂಕವಾಗುತ್ತಿತ್ತು.

ಶಾಲೆಯ ಜವಾನನೂ ಅವರ ಪರೀಕ್ಷೆಯ ಒಂದು ಅಂಗವಾಗಿದ್ದ. ಓದು ಬರಹ ಬಾರದ ಮನುಷ್ಯ. ಅವನ ಮುಂದೆ ಕೂತು ಪ್ರಮೇಯವನ್ನು ಕನ್ನಡದಲ್ಲಿ ತಿಳಿಯುವಂತೆ ಹೇಳಬೇಕು, ಅವನು ತಲೆಯಾಡಿಸಿದರೆ ಪಾಸು. ವರ್ಷಗಟ್ಟಲೆ ಕೇಳಿ ಕೇಳಿ ಅವನೇ ನಮಗಿಂತ ಬಲ್ಲವನಾಗಿಬಿಟ್ಟಿದ್ದ. ಒಂದು ದಿನ ನಾನು ಗಡಿಬಿಡಿಯಲ್ಲಿ ಎರಡು ಮೆಟ್ಟಿಲು ಹಾರಿಸಿ ಮುಗಿಸಿದಾಗ ಅವನು ಗಂಟೆ ಹೊಡೆಯುವ ಕೊಡತಿಯನ್ನು ಮಡಿಲಲ್ಲಿಟ್ಟುಕೊಂಡು, "ಸ್ವಾಮಿ, ಈ ಹುಡುಗ ಕೊನೆಗೆ ಬಂದ್ನೇ ಹೊರತು ನಡಕಂಡು ಬರ್ಲಿಲ್ಲ" ಎಂದು ಮೇಷ್ಟರಿಗೆ ದೂರು ಕೊಟ್ಟ. ಮೇಷ್ಟರು ಬಹಳ ದಿನ ಆ ಮಾತನ್ನು ಹೇಳಿಕೊಂಡು ಓಡಾಡಿದರು.

ನಮ್ಮದು ಹಿರಿಯೂರಿನಲ್ಲಿ ಜವಳಿ ಅಂಗಡಿ. ಕಾಲೇಜಿಗೆ ಹೋಗುವ ಅರ್ಹತೆ ಬಂದರೆ ಸರಿ, ಇಲ್ಲವಾದರೆ ಗಜಕೋಲು ಹಿಡಿದು ಅಂಗಡಿಯಲ್ಲಿ ಕೂರಬೇಕೆಂದು ಅಪ್ಪ ಮೊದಲೇ ಹೇಳಿದ್ದರು. ಚಿತ್ರದುರ್ಗದ ಮಠದ ಛತ್ರದಲ್ಲಿ ಊಟ, ವಾಸ. ಅಲ್ಲಿ ನನ್ನ ಪಕ್ಕದ ಚಾಪೆ ತಾಳ್ಯದಿಂದ ಬಂದ ಒಬ್ಬನದು. ಒಕ್ಕಲು ಮನೆತನ, ತಂದೆ ಇಲ್ಲ, ಅಣ್ಣನ ಯಜಮಾನಿಕೆ. ಅಣ್ಣ ಅವನಿಗೆ ಕೊಟ್ಟಿದ್ದು ಅದೊಂದೇ ವರ್ಷ. ಆ ವರ್ಷ ಪರೀಕ್ಷೆಗೆ ಕೂತರೆ ಓದು, ಇಲ್ಲವಾದರೆ ನೇಗಿಲು. ಅವನು ಲೆಕ್ಕದಲ್ಲಿ ನಿಧಾನ. ಪ್ರಶ್ನೆ ಕೇಳಿದರೆ ಕಿವಿಯ ಹಾಲೆ ಉಜ್ಜಿಕೊಳ್ಳುತ್ತಾ ಕೂರುವನು. ನಾನು ಚುರುಕು. ನಾನು ಉತ್ತರ ಹೇಳಿ ಮುಗಿಸಿ ಮೂರನೆಯ ಲೆಕ್ಕಕ್ಕೆ ಹೋದ ಮೇಲೆ ಅವನು ಮೊದಲನೆಯದರ ಬಗ್ಗೆ ಏನಾದರೂ ಕೇಳುತ್ತಿದ್ದ. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರುತ್ತಿರಲಿಲ್ಲ. ಗೆಳೆಯ ಎನ್ನುವುದಾದರೆ ಆ ಊರಿನಲ್ಲಿ ನನಗಿದ್ದವನು ಅವನೊಬ್ಬನೇ.

ಮದರಾಸಿನ ಪರೀಕ್ಷೆಗೆ ಯಾರು ಕೂರಬೇಕೆಂಬುದನ್ನು ಶಾಲೆಯೇ ತೀರ್ಮಾನಿಸಿ ಸಹಿ ಹಾಕಿ ಕಳಿಸಬೇಕಿತ್ತು. ಗಣಿತದ ಮಟ್ಟಿಗೆ ಹೆಡ್‌ಮಾಸ್ತರರು ನಮ್ಮ ಮೇಷ್ಟರ ಮಾತನ್ನು ಮೀರುತ್ತಿರಲಿಲ್ಲ. ಹಿಂದಿನ ವರ್ಷ ಮೇಷ್ಟರು ಯೋಗ್ಯರೆಂದು ಕಳಿಸಿದವರಲ್ಲಿ ಬಹಳ ಜನ ಅಲ್ಲಿ ನಪಾಸಾಗಿದ್ದರು. ನೀವು ಯಾವ ಆಧಾರದ ಮೇಲೆ ಇವರನ್ನು ಯೋಗ್ಯರೆಂದಿರಿ ಎಂದು ಹೆಡ್‌ಮಾಸ್ತರರು ಕೇಳಿದರಂತೆ. ಅದು ಮೇಷ್ಟರನ್ನು ಬಹಳ ಕೊರೆಯಿತೆಂದು ಕಾಣುತ್ತದೆ. ಆ ವರ್ಷ ಅವರು ಹೊಸದೊಂದು ಪರೀಕ್ಷೆ ಹೂಡಿದರು. ಹೊಸದು ಎಂದು ನಮಗೆ ಮಾತ್ರ ತಿಳಿಯಲಿಲ್ಲ.

ಊರ ಹೊರಗಿನ ಒಂದು ಗುಡ್ಡದ ಬೆನ್ನ ಮೇಲೆ, ಪಾಳುಬಿದ್ದ ಗುಡಿಯ ಮುಂದೆ, ಕಲ್ಲಿನ ದೀಪದ ಕಂಬ ಇತ್ತು. ಅದರ ಎತ್ತರವನ್ನು ಹತ್ತದೆ ಅಳೆದು ತರುವುದು ಮೇಲಿನ ತರಗತಿಗೆ ಪ್ರತಿ ವರ್ಷದ ಪಾಠ. ದಾರಿ ಎಲ್ಲರಿಗೂ ಗೊತ್ತು: ಎತ್ತರ ಗೊತ್ತಿರುವ ಒಂದು ಕೋಲನ್ನು ನೆಟ್ಟು ಅದರ ನೆರಳನ್ನು ಅಳೆ, ಅದೇ ಹೊತ್ತಿನಲ್ಲಿ ಕಂಬದ ನೆರಳನ್ನೂ ಅಳೆ, ಎರಡು ನೆರಳಿನ ಪ್ರಮಾಣದಲ್ಲೇ ಎತ್ತರ ಬರುತ್ತದೆ. ಉತ್ತರವೂ ಎಲ್ಲರಿಗೂ ಗೊತ್ತಿತ್ತು. ಛತ್ರದ ಗೋಡೆಯ ಮೇಲೆ ಯಾರೋ ಹಳಬರು ಇದ್ದಿಲಿನಲ್ಲಿ ಬರೆದಿಟ್ಟಿದ್ದರು: ಕಂಬ, ಮೂವತ್ತಾರು ಅಡಿ. ಗುಡ್ಡಕ್ಕೆ ಹೋಗಿ ಗಾಳಿಗೆ ಕೂತು, ಕಡಲೆ ತಿಂದು, ಮೂವತ್ತಾರು ಬರುವ ಹಾಗೆ ನೆರಳುಗಳನ್ನು ಉತ್ತರದಿಂದ ಹಿಂದಕ್ಕೆ ಲೆಕ್ಕ ಮಾಡಿ ಬರೆದುಕೊಂಡು ಬರುವುದೇ ಸಂಪ್ರದಾಯ. ಮೇಷ್ಟರು ಅಷ್ಟು ವರ್ಷವೂ ಅದನ್ನು ನೋಡಿ ಏನೂ ಅನ್ನದೆ ಇಟ್ಟುಕೊಳ್ಳುತ್ತಿದ್ದರಂತೆ.

ನಾನೂ ತಾಳ್ಯದವನೂ ಒಟ್ಟಿಗೆ ಹೋದೆವು. ಬಿಸಿಲು ಏರುವ ಹೊತ್ತು. ಬಂಡೆಯ ಮೇಲೆ ಕೋಲು ನೆಡಲು ಬರುವುದಿಲ್ಲವಾದ್ದರಿಂದ ಅಳೆಯುವ ಮನಸ್ಸಿದ್ದವರು ಕೂಡ ಕೋಲನ್ನು ಕೆಳಗಿನ ಮಣ್ಣಿನ ಅಂಗಳದಲ್ಲಿ ನೆಡುತ್ತಿದ್ದರು. ನಾನು ಅದನ್ನೂ ಮಾಡದೆ ಗುಡಿಯ ನೆರಳಿನಲ್ಲಿ ಕೂತಿದ್ದೆ. ಅವನು ಕಂಬದ ನೆರಳಿನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಬಂಡೆಗೆ ಕೆನ್ನೆ ತಾಗಿಸುವಷ್ಟು ಬಗ್ಗಿ ನೋಡಿದ.

"ಇದು ಸಮ ಇಲ್ಲ ಕಣಲೇ," ಅಂದ.

ಅವನ ಕಣ್ಣೇ ಸಮ ಇಲ್ಲವೆಂದು ನಾನು ಹಾಸ್ಯ ಮಾಡಿದೆ. ಅವನು ಕುಡಿಯಲು ತಂದಿದ್ದ ಚೊಂಬಿನ ನೀರನ್ನು ಕಂಬದ ಬುಡದಲ್ಲಿ ಸುರಿದ. ನೀರು ಒಂದು ಗಳಿಗೆ ಯೋಚಿಸುವಂತೆ ನಿಂತು, ನೆರಳು ಬಿದ್ದ ದಿಕ್ಕಿಗೇ ಉದ್ದವಾಗಿ ಹರಿದುಹೋಯಿತು.

"ನೋಡು. ಮೂವತ್ತಾರು ಅಂತ ನೀರಿಗೆ ಯಾರೂ ಹೇಳ್ಕೊಟ್ಟಿಲ್ಲ."

ನೆರಳು ಇಳಿಜಾರಿನಲ್ಲಿ ಬೀಳುತ್ತಿದೆ, ಆದ್ದರಿಂದ ಇರಬೇಕಾದ್ದಕ್ಕಿಂತ ಉದ್ದವಾಗಿದೆ. ಕೋಲಿನ ನೆರಳು ಸಮನೆಲದ್ದು. ಎರಡಕ್ಕೂ ಗಂಟು ಹಾಕುವುದು ತಪ್ಪು. ಇದನ್ನು ಅವನು ಹೀಗೆ ವಿವರಿಸಲಿಲ್ಲ. ವಿವರಿಸಲು ಅವನಿಗೆ ಬರುತ್ತಿರಲಿಲ್ಲ. ಕೋಲನ್ನು ಮೇಲಕ್ಕೆ ತಂದು ಕಂಬದ ಪಕ್ಕದಲ್ಲೇ ಕಲ್ಲುಗಳ ಗುಪ್ಪೆ ಮಾಡಿ ನಿಲ್ಲಿಸಿದ. ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ಕೋಲು ನೆಟ್ಟಗಿದೆಯೇ ನೋಡಿದ. ಎರಡು ಸಲ ಬಿದ್ದುಹೋಯಿತು. ಮೂರನೆಯ ಸಲ ನಿಂತಿತು. ಅವನ ಲೆಕ್ಕಕ್ಕೆ ಬಂದದ್ದು ಮೂವತ್ತೊಂದು ಅಡಿ, ಚಿಲ್ಲರೆ. ಛತ್ರಕ್ಕೆ ಬಂದು ಒಂದು ಹಾಳೆಯಲ್ಲಿ ಎಲ್ಲವನ್ನೂ ಬರೆದ, ನೀರು ಸುರಿದದ್ದನ್ನೂ ಬಿಡದೆ.

ಮಾರನೆಯ ಬೆಳಿಗ್ಗೆ ಹೊಂಡದ ಮೆಟ್ಟಿಲ ಮೇಲೆ ಬಟ್ಟೆ ಒಗೆಯುತ್ತಾ ನಾನು ಅವನಿಗೆ ಹೇಳಿದೆ. ಹೇಳಿದ್ದು ಖಂಡಿತ.

"ಲೇ, ಎಲ್ಲರದೂ ಮೂವತ್ತಾರು. ಮೇಷ್ಟ್ರ ಹತ್ರಾನೂ ಅದೇ ಇರ್ತೈತೆ. ನೀನೊಬ್ಬ ಮೂವತ್ತೊಂದು ಅಂತ ಹೋಗಿ ನಿಂತ್ರೆ, ಸಹಿ ಹಾಕ್ತಾರಾ? ನಿಮ್ಮಣ್ಣಂಗೆ ಏನಂತ ಹೇಳ್ತೀಯ?"

"ನೀರು ಸುಳ್ಳು ಹೇಳ್ತದಾ?"

"ನೀರೇನು ಪರೀಕ್ಷೆಗೆ ಕುಂದ್ರಲ್ಲ. ಕುಂದ್ರೋನು ನೀನು."

ಅವನು ಕಿವಿಯ ಹಾಲೆ ಉಜ್ಜಿಕೊಂಡ. ಅಣ್ಣನ ಹೆಸರು ಎತ್ತಿದ್ದು ಕೆಲಸ ಮಾಡಿತು. ಮೂವತ್ತಾರು ಬರುವ ಹಾಗೆ ನೆರಳುಗಳನ್ನು ಜೋಡಿಸಿ ನಾನೇ ಅವನಿಗೆ ಲೆಕ್ಕ ಬರೆದುಕೊಟ್ಟೆ. ಅವನ ಮೂಲ ಹಾಳೆ ನನ್ನ ಕೈಗೆ ಬಂತು. ನಾನು ಮೇಷ್ಟರಿಗೆ ಒಪ್ಪಿಸಿದ ಉತ್ತರದಲ್ಲಿ ಇದ್ದದ್ದು ಮೂವತ್ತೊಂದು ಅಡಿ, ಚಿಲ್ಲರೆ.

ನಡುವೆ ಏನಾಯಿತು ಎಂಬುದೇ ಪ್ರಶ್ನೆ. ನಾನು ನಂಬಲು ಬಯಸುವುದು ಹೀಗೆ: ಹೊಂಡದ ಮೆಟ್ಟಿಲ ಮೇಲೆ ಮೂವತ್ತಾರೇ ಸರಿಯೆಂದು ನಾನು ನಿಜವಾಗಿ ನಂಬಿದ್ದೆ. ಅವನು ಉತ್ತರ ಒಪ್ಪಿಸಲು ಹೋದ ಮೇಲೆ, ಒಬ್ಬನೇ ಕೂತು ಅವನ ಹಾಳೆಯನ್ನು ಓದಿದೆ, ಚಿತ್ರ ಬರೆದು ನೋಡಿದೆ, ಅವನದೇ ಸರಿಯೆಂದು ಹೊಳೆಯಿತು. ಹೊಳೆದ ಮೇಲೆ ತಪ್ಪನ್ನು ಬರೆಯಲು ಮನಸ್ಸಾಗಲಿಲ್ಲ. ಅಷ್ಟರಲ್ಲಿ ಅವನ ಉತ್ತರ ಮೇಷ್ಟರ ಕೈ ಸೇರಿಯಾಗಿತ್ತು.

ಇನ್ನೊಂದು ಹೀಗೆ: ಗುಡ್ಡದ ಮೇಲೆ ನೀರು ಹರಿದ ಗಳಿಗೆಯಲ್ಲೇ ನನಗೆ ಎಲ್ಲವೂ ಅರ್ಥವಾಗಿತ್ತು. ಅವನಿಗಿಂತ ನಾನು ಚುರುಕಲ್ಲವೇ. ಒಂದೇ ಕಡೆಯಿಂದ ಬಂದ ಇಬ್ಬರು ಮೂವತ್ತೊಂದು ತಂದರೆ ಅಳೆದವನು ಯಾರು, ನೋಡಿ ಬರೆದವನು ಯಾರು ಎಂಬ ಮಾತು ಬರುತ್ತಿತ್ತು. ಹೊಂಡದಲ್ಲಿ ಅವನೊಡನೆ ಮಾತಾಡುತ್ತಿದ್ದಾಗ ಆ ಹಾಳೆ ಆಗಲೇ ನನ್ನ ಅಂಗಿಯ ಜೇಬಿನಲ್ಲಿತ್ತು. ಆದರೆ ಅಂಗಿಯನ್ನು ಕಳಚಿ ಒಗೆಯುತ್ತಿದ್ದೆನಲ್ಲ? ಜೇಬಿನಲ್ಲಿ ಹಾಳೆ ಹೇಗಿದ್ದೀತು? ಇಂಥ ಪುರಾವೆಗಳನ್ನು ಹಿಡಿದು ನನ್ನನ್ನು ನಾನೇ ಎಷ್ಟೋ ಸಲ ಬಿಡುಗಡೆ ಮಾಡಿಕೊಂಡಿದ್ದೇನೆ. ಆಮೇಲೆ ನೆನಪಾಗುತ್ತದೆ, ನನ್ನ ಹತ್ತಿರ ಎರಡು ಅಂಗಿಗಳಿದ್ದವು.

ಮೂರು ದಿನ ಕಳೆದು ಮೇಷ್ಟರು ತರಗತಿಗೆ ಬಂದರು. ಅಂದು ಮಂಡಕ್ಕಿ ಇರಲಿಲ್ಲ. ಕೈಯಲ್ಲಿ ನಮ್ಮ ಹಾಳೆಗಳು.

"ಬೆಳಿಗ್ಗೆ ಹೋದೋನಿಗೂ ಮೂವತ್ತಾರು, ಸಾಯಂಕಾಲ ಹೋದೋನಿಗೂ ಮೂವತ್ತಾರು," ಅಂದರು. "ಒಂದು ಬೆರಳು ಹೆಚ್ಚಿಲ್ಲ, ಒಂದು ಬೆರಳು ಕಡಿಮೆಯಿಲ್ಲ. ಇಷ್ಟು ಜನ ನಿಜವಾಗ್ಲೂ ಅಳೆದಿದ್ರೆ ಇಷ್ಟು ಒಗ್ಗಟ್ಟು ಎಲ್ಲಿಂದ ಬರ್ತಿತ್ತು? ಕೈಯಿಂದ ಮಾಡಿದ್ದು ಒಂದಕ್ಕೊಂದು ಚೂರು ಬೇರೆ ಇರ್ತೈತೆ. ಕಿವಿಯಿಂದ ಮಾಡಿದ್ದು ಎಲ್ಲಾ ಒಂದೇ."

ಮೂವತ್ತಾರು ಬರೆದ ಯಾರನ್ನೂ ಕಳಿಸುವುದಿಲ್ಲ, ಅವರು ಇನ್ನೊಂದು ವರ್ಷ ಓದಲಿ ಎಂದರು. ಉಳಿದವರು ನಾಲ್ವರು. ಅವರಲ್ಲಿ ಒಬ್ಬನದು ನಲವತ್ತನಾಲ್ಕು ಅಡಿ. "ಲೇ, ಕಂಬ ಅಳೆದ್ಯೋ, ಗುಡ್ಡಾನೂ ಸೇರಿಸ್ಕಂಡ್ಯೋ?" ಎಂದು ಕೇಳಿ, ತರಗತಿಯೆಲ್ಲ ನಕ್ಕ ಮೇಲೆ, ಅವನ ಹೆಸರಿಗೂ ಗುರುತು ಹಾಕಿದರು. ಅವನು ತಪ್ಪಿದ್ದ, ಆದರೆ ಅಳೆದು ತಪ್ಪಿದ್ದ. ಅಷ್ಟು ಸಾಕಿತ್ತು ಅವರಿಗೆ.

ಆಮೇಲೆ ತಾಳ್ಯದವನ ಕಡೆ ತಿರುಗಿದರು. ಅವನ ಮೇಲೆ ಅವರಿಗೆ ಭರವಸೆ ಇತ್ತೆಂದು ನನಗೆ ಗೊತ್ತಿತ್ತು.

"ನೀನೂ ಅಳೀಲಿಲ್ವೇನಪ್ಪ?"

ಅವನು ಎದ್ದು ನಿಂತ. ಏನೂ ಹೇಳಲಿಲ್ಲ. ನನ್ನ ಕಡೆ ನೋಡಿದನೋ ಇಲ್ಲವೋ ಗೊತ್ತಿಲ್ಲ, ಏಕೆಂದರೆ ನಾನು ಅವನ ಕಡೆ ನೋಡಲಿಲ್ಲ. ಜವಾನ ಗಂಟೆ ಹೊಡೆದ.

ಅಂದು ಶಾಲೆ ಬಿಟ್ಟ ಮೇಲೆ ಮೇಷ್ಟರು ನನ್ನನ್ನು ಕರೆಸಿದರು. ನನ್ನ ಹಾಳೆ ಮೇಜಿನ ಮೇಲಿತ್ತು. ನೀರು ಸುರಿದು ನೋಡಿದೆ ಎಂಬ ಸಾಲನ್ನೂ ನಾನು ಹಾಗೆಯೇ ನಕಲು ಮಾಡಿದ್ದೆ. ಆ ಸಾಲಿನ ಕೆಳಗೆ ಸೊಟ್ಟಬೆರಳು ಇಟ್ಟು ಕೇಳಿದರು:

"ಆ ಗುಡ್ಡದ ಮ್ಯಾಲೆ ನೀರೆಲ್ಲಿ ಸಿಕ್ತು ನಿನಗೆ?"

ಕುಡಿಯಲು ಒಯ್ದಿದ್ದೆವು ಎಂದೆ. 'ಒಯ್ದಿದ್ದೆ' ಎಂದೆನೋ 'ಒಯ್ದಿದ್ದೆವು' ಎಂದೆನೋ, ಅದೂ ಈಗ ಖಚಿತವಿಲ್ಲ. ಬಂಡೆ ಯಾವ ದಿಕ್ಕಿಗೆ ಇಳಿಯುತ್ತದೆ ಎಂದು ಕೇಳಿದರು. ಹೇಳಿದೆ. ಕೋಲನ್ನು ಹೇಗೆ ನಿಲ್ಲಿಸಿದೆ ಎಂದು ಕೇಳಿದರು. ಅದನ್ನೂ ಹೇಳಿದೆ, ಎರಡು ಸಲ ಬಿದ್ದದ್ದನ್ನೂ ಸೇರಿಸಿ. ನೋಡಿದವನು ನಾನೇ ಅಲ್ಲವೇ, ಎಲ್ಲವೂ ಸರಿಯಾಗಿ ಬಂತು. ಅವರು ಬಹಳ ಹೊತ್ತು ಹಾಳೆಯನ್ನು ನೋಡಿದರು.

"ಹೂಂ. ಅಳತೆ ಸರಿ ಐತೆ," ಅಂದರು.

ನೀನು ಸರಿ ಎನ್ನಲಿಲ್ಲ. ಅಳತೆ ಸರಿ ಎಂದರು. ಸಹಿ ಹಾಕಿದರು.

ತಾಳ್ಯದವನು ಆ ವಾರದಲ್ಲೇ ಚಾಪೆ ಸುತ್ತಿಕೊಂಡು ಊರಿಗೆ ಹೋದ. ಇನ್ನೊಂದು ವರ್ಷ ಓದಿಸುವ ಮಾತಿಗೆ ಅಣ್ಣ ಕಿವಿಗೊಡಲಿಲ್ಲವಂತೆ. ತಮ್ಮ ಓದದೆ ಕಳ್ಳಲೆಕ್ಕ ಬರೆದನೆಂದು ಮೇಷ್ಟರೇ ತೀರ್ಮಾನ ಕೊಟ್ಟ ಮೇಲೆ ಅಣ್ಣನಾದರೂ ಏನು ಮಾಡಿಯಾನು.

ನಾನು ಮದರಾಸಿನ ಪರೀಕ್ಷೆ ಮುಗಿಸಿ, ಪಾಸಾಗಿ, ಬೆಂಗಳೂರಿನ ಕಾಲೇಜಿಗೆ ಹೊರಟೆ. ರೈಲು ಹಿಡಿಯಲು ಹೊಳಲ್ಕೆರೆಗೆ ಗಾಡಿಯಲ್ಲಿ ಬಂದೆ. ಸ್ಟೇಷನ್ನಿನ ಬೇವಿನ ಮರದ ಕೆಳಗೆ ಅವನು ಕೂತಿದ್ದ. ಯಾರಿಂದಲೋ ಸುದ್ದಿ ತಿಳಿದು ತಾಳ್ಯದಿಂದ ನಡೆದು ಬಂದಿದ್ದ. ಕಾಲಿಗೆ ಹೊಲದ ಕೆಮ್ಮಣ್ಣು. ನನಗೆಂದು ರೊಟ್ಟಿಯ ಬುತ್ತಿ ತಂದಿದ್ದ. ಮಳೆ, ಎತ್ತು, ಅಣ್ಣನ ಮಗುವಿಗೆ ಹಲ್ಲು ಬಂದದ್ದು, ಹೀಗೆ ಏನೇನೋ ಮಾತಾಡಿದ. ರೈಲು ಬರುವ ಹೊತ್ತಿಗೆ ಕೇಳಿದ:

"ಕೊನಿಗೆ ಎಷ್ಟಂತೆ ಕಂಬ? ಮೇಷ್ಟ್ರು ಹೇಳಿದ್ರಾ?"

"ಇಲ್ಲ. ಹೇಳ್ಲಿಲ್ಲ."

"ಅವ್ರು ಹೇಳಲ್ಲ ಬಿಡು," ಎಂದು ನಕ್ಕ.

ಈ ಭೇಟಿ ನಡೆದೇ ಇಲ್ಲವೇನೋ ಎಂದು ಕೆಲವು ಸಲ ಅನುಮಾನ ಬರುತ್ತದೆ. ತಪ್ಪಿತಸ್ಥನ ಮನಸ್ಸು ತನಗೆ ಬೇಕಾದ ದೃಶ್ಯಗಳನ್ನು ಕಟ್ಟಿಕೊಳ್ಳುತ್ತದೆ. ಆದರೆ ಕಟ್ಟಿಕೊಂಡಿದ್ದರೆ ನಾನು ಅದರಲ್ಲಿ ಇನ್ನೊಂದು ಉತ್ತರ ಕೊಟ್ಟಿರುತ್ತಿದ್ದೆ. ಎರಡು ವರ್ಷದ ಮೇಲೆ ಆ ಹಳ್ಳಿಗಳಿಗೆ ಪ್ಲೇಗು ಬಂದಾಗ ಅವನು ಹೋದನೆಂದು ಛತ್ರದ ಹಳೆಯ ಸಹಪಾಠಿಯೊಬ್ಬ ಬರೆದ. ಬಂಡೆಯ ಮೇಲೆ ತಾನು ಕಂಡದ್ದು ಸರಿಯೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಹೇಳಬಹುದಾಗಿದ್ದವನು ನಾನೊಬ್ಬ.

ನಾನು ಗಣಿತವನ್ನೇ ಓದಿದೆ, ಅದನ್ನೇ ಕಾಲೇಜಿನಲ್ಲಿ ಹೇಳಿಕೊಡುವವನಾದೆ. ಸಂಸ್ಥಾನಕ್ಕೆ ಸ್ವಂತ ವಿಶ್ವವಿದ್ಯಾನಿಲಯ ಬಂದ ಮೇಲೆ ಪರೀಕ್ಷಕನೂ ಆದೆ. ವರ್ಷಕ್ಕೊಮ್ಮೆ ಉತ್ತರಪತ್ರಿಕೆಗಳ ಕಟ್ಟುಗಳು ಮನೆಗೆ ಬರುತ್ತವೆ. ಒಂದು ವರ್ಷ ಪರೀಕ್ಷಕರ ಸಭೆಯಲ್ಲಿ ಒಬ್ಬರು ಯಾವುದೋ ಕಾಲೇಜಿನ ಹುಡುಗರನ್ನು ಮೆಚ್ಚಿ ಮಾತಾಡಿದರು: ಅಳತೆಗಳ ಸರಾಸರಿಯ ಪ್ರಶ್ನೆಗೆ ಅಲ್ಲಿನ ಎಲ್ಲರ ಉತ್ತರವೂ ಕೊನೆಯ ಅಂಕಿಯವರೆಗೆ ಒಂದೇ ಬಂದಿದೆ, ಎಂಥ ಅಚ್ಚುಕಟ್ಟಾದ ಪಾಠ ಎಂದು. ಅಲ್ಲಿ ಯಾರೂ ಲೆಕ್ಕ ಮಾಡಿಲ್ಲ ಎಂದೆ. ಹೇಗೆ ಗೊತ್ತು ಎಂದು ಕೇಳಿದರು. ಮೇಷ್ಟರ ಮಾತನ್ನು ಅವರ ಹೆಸರು ಹೇಳದೆ, ನನ್ನದೇ ಎಂಬಂತೆ ಹೇಳಿದೆ. ಬಹಳ ಜಾಣ ಮಾತೆಂದು ಎಲ್ಲರೂ ಒಪ್ಪಿದರು. ಎರಡನೆಯ ಸಲ ನಕಲು ಮಾಡಿದ್ದೆ.

ಆ ಬೇಸಗೆಯಲ್ಲೇ ಮೇಷ್ಟರನ್ನು ನೋಡಲು ಹೊಸದುರ್ಗಕ್ಕೆ ಹೋದೆ. ಕೆಲಸದಿಂದ ನಿವೃತ್ತರಾಗಿ ತಮ್ಮನ ಮನೆಯಲ್ಲಿದ್ದರು. ಕಣ್ಣು ಮಂಜಾಗಿತ್ತು. "ಬರ್ರಿ, ಕುಂತ್ಕಳ್ರಿ" ಎಂದು ನನ್ನನ್ನು ಬಹುವಚನದಲ್ಲಿ ಕರೆದದ್ದು ಹೊಡೆತದಂತೆ ತಾಗಿತು. ಗುರುತು ಹತ್ತಿದ ಮೇಲೆ ಏಕವಚನಕ್ಕೆ ಇಳಿದರು. ನಿಮ್ಮ ವಿಶ್ವವಿದ್ಯಾನಿಲಯದಲ್ಲಿ ಹುಡುಗರು ಕಲಿತರೆಂದು ಹೇಗೆ ತಿಳಿಯುತ್ತೀರಿ ಎಂದು ಕೇಳಿದರು. ಅಂಕ, ದರ್ಜೆ, ಎರಡೆರಡು ಸಲ ತಿದ್ದುವುದು, ಎಲ್ಲ ಹೇಳಿದೆ. ತಾಳ್ಮೆಯಿಂದ ಕೇಳಿದರು. ಗಣಿತದ ಪತ್ರಿಕೆಯನ್ನು ಜವಾನರಿಗೆ ಒಪ್ಪಿಸುವ ಪದ್ಧತಿ ಇನ್ನೂ ಬಂದಿಲ್ಲವೆಂದಾಗ ಹಲ್ಲಿಲ್ಲದ ಬಾಯಿ ತೆರೆದು ನಕ್ಕರು. ಆಮೇಲೆ ಕೇಳಿದರು:

"ತಾಳ್ಯದ ಹುಡುಗ ನಿನ್ನ ಹತ್ರ ಏನಾರ ಹೇಳಿದ್ನಾ? ಆ ಕಂಬದ ವಿಚಾರ?"

ಇಷ್ಟು ವರ್ಷಗಳಲ್ಲಿ ನನಗೆ ಸಂದೇಹವೇ ಇಲ್ಲದ ಮಾತೊಂದಿದ್ದರೆ ಅದು ನಾನು ಆಗ ಕೊಟ್ಟ ಉತ್ತರ. "ಇಲ್ಲ ಮೇಷ್ಟ್ರೆ" ಎಂದೆ.

ಅವರು ಮಂಜುಗಣ್ಣನ್ನು ನನ್ನ ಮುಖದ ಕಡೆ ಇಟ್ಟುಕೊಂಡೇ ಇದ್ದರು.

"ನಾನು ಅವನ್ನ ಎದ್ದು ನಿಲ್ಸಿ ಕೇಳ್ದೆ. ಸುಮ್ನೆ ನಿಂತ. ಸುಮ್ನೆ ನಿಂತದ್ದನ್ನ ನಾನು ಉತ್ತರ ಅಂದ್ಕಂಡೆ. ಹುಡುಗ್ರಿಗೆ ಅಷ್ಟೆಲ್ಲ ಹೇಳ್ತಿದ್ದೆ, ಉತ್ತರ ನೋಡಬ್ಯಾಡ್ರಿ, ಬಂದ ದಾರಿ ನೋಡ್ರಿ ಅಂತ. ಅವನು ಬಂದ ದಾರಿ ಯಾವುದು ಅಂತ ನಾನು ಕೇಳ್ಲಿಲ್ಲ."

ತಮ್ಮನ ಸೊಸೆ ಮಜ್ಜಿಗೆ ತಂದಿಟ್ಟಳು. ನಾನು ಮಜ್ಜಿಗೆ ಕುಡಿದೆ. ಬಿಸಿಲಿನ ಬಗ್ಗೆ ಏನೋ ಹೇಳಿದೆ. ಹೊರಡುವಾಗ ಕಾಲಿಗೆ ನಮಸ್ಕಾರ ಮಾಡಿದೆ. ಅವರು ತಲೆಯ ಮೇಲೆ ಕೈಯಿಟ್ಟರು. ಮುಂದಿನ ಮಳೆಗಾಲದಲ್ಲಿ ತೀರಿಕೊಂಡರೆಂದು ಕಾರ್ಡು ಬಂತು. ನಾನು ಹೋಗಲಿಲ್ಲ. ಪರೀಕ್ಷೆಯ ಕೆಲಸವಿತ್ತು ಎಂದು ಉತ್ತರ ಬರೆದೆ. ಇದ್ದದ್ದೂ ನಿಜ.

ಅವರು ಹೋದ ಮೇಲೆ ನನಗೆ ಪುರಾವೆಯ ಹುಚ್ಚು ಹಿಡಿಯಿತು. ಮೊದಲು ಗುಡ್ಡ ಹತ್ತಿದೆ, ಒಳ್ಳೆಯ ಉಪಕರಣ ತೆಗೆದುಕೊಂಡೇ. ಕಂಬದ ಮೇಲ್ಭಾಗ ಸಿಡಿಲಿಗೆ ಮುರಿದು ಬಿದ್ದಿತ್ತು. ಚೂರುಗಳನ್ನು ಯಾರೋ ಹೊತ್ತುಕೊಂಡು ಹೋಗಿದ್ದರು. ಮೂವತ್ತೊಂದೋ ಮೂವತ್ತಾರೋ, ಇನ್ನು ಯಾರೂ ಅಳೆಯುವಂತಿಲ್ಲ. ಬಂಡೆಯ ಮೇಲೆ ನೀರು ಸುರಿದು ನೋಡುವ ಧೈರ್ಯ ಆಗಲಿಲ್ಲ. ಛತ್ರದ ಗೋಡೆಗೆ ಸುಣ್ಣ ಬಳಿದಿದ್ದರು. ಜವಾನ ಎಂದೋ ತೀರಿಕೊಂಡಿದ್ದ.

ಕೊನೆಗೆ ಶಾಲೆಗೆ ಹೋದೆ. ಹಳೆಯ ಕಾಗದಗಳ ಕೋಣೆಯ ಬೀಗ ತೆಗೆಸಿ, ನಮ್ಮ ಆ ಅಳತೆಯ ಹಾಳೆಗಳನ್ನು ಹುಡುಕಿದೆ. ಎರಡು ಕೈಬರಹಗಳನ್ನು, ಅದಕ್ಕಿಂತ ಮುಖ್ಯವಾಗಿ ಹಾಳೆಗಳನ್ನು ಪಡೆದುಕೊಂಡ ದಿನವನ್ನು ಮೇಷ್ಟರು ಗುರುತು ಮಾಡಿದ್ದರೆ ಆ ಗುರುತನ್ನೂ ನೋಡಿದಲ್ಲಿ, ನಾನು ಯಾವಾಗ ಬರೆದೆ, ಅವನು ಯಾವಾಗ ಒಪ್ಪಿಸಿದ ಎಂಬುದು ತಿಳಿದೀತೆಂಬ ಆಸೆ. ಆ ಕಟ್ಟನ್ನು ಗೆದ್ದಲು ತಿಂದಿತ್ತು. ಕೈ ಹಾಕಿದರೆ ಮಣ್ಣು. ಯಾವುದು ಮೊದಲು ಎಂಬುದು ನನಗಿನ್ನು ತಿಳಿಯುವುದಿಲ್ಲ.

ಗುಮಾಸ್ತರು ಪಾಪ, ಬರಿಗೈಯಲ್ಲಿ ಕಳಿಸಬಾರದೆಂದು ಹಾಜರಿ ಪುಸ್ತಕಗಳನ್ನು ತಂದು ಮುಂದಿಟ್ಟರು. ನಮ್ಮ ವರ್ಷದ್ದನ್ನು ನೋಡಿದೆ. ಅದರಲ್ಲಿ ವಿಶೇಷವೇನೂ ಇಲ್ಲ. ಸುಮ್ಮನೆ ಅದರ ಮುಂದಿನ ವರ್ಷದ್ದನ್ನು ತೆರೆದೆ. ಆಗ ನಾನು ಬೆಂಗಳೂರಿನಲ್ಲಿದ್ದೆ, ತಾಳ್ಯದವನು ಹೊಲದಲ್ಲಿದ್ದ, ಬದುಕಿದ್ದ. ತಿಂಗಳಾನುಗಟ್ಟಲೆ ಬಾರದ ಹುಡುಗರ ಹೆಸರನ್ನು ಕೆಂಪು ಗೆರೆ ಎಳೆದು ತೆಗೆದುಹಾಕುವುದು ಶಾಲೆಯ ನಿಯಮ. ಆ ಪುಸ್ತಕದಲ್ಲಿ ಹಾಗೆ ತೆಗೆದ ಹೆಸರುಗಳು ಐದಾರು ಇವೆ. ಪಟ್ಟಿಯ ಕೊನೆಯಲ್ಲಿ, ಗುಮಾಸ್ತರ ಅಕ್ಷರದಲ್ಲಲ್ಲ, ಮೇಷ್ಟರ ಅಕ್ಷರದಲ್ಲಿ, ತಾಳ್ಯದವನ ಹೆಸರು ಇದೆ. ಅದರ ಮುಂದೆ ಶಾಲೆ ನಡೆದ ಪ್ರತಿಯೊಂದು ದಿನವೂ ಗೈರುಹಾಜರಿಯ ಗುರುತು ಇದೆ. ನಾನು ಪುಟ ಪುಟವಾಗಿ ಬೆರಳಿಟ್ಟು ನೋಡಿದೆ, ಮೊದಲಿನಿಂದ ಇನ್ನೊಮ್ಮೆ ನೋಡಿದೆ. ವರ್ಷದ ಕೊನೆಯ ದಿನದವರೆಗೂ ಆ ಹೆಸರಿನ ಮೇಲೆ ಕೆಂಪು ಗೆರೆ ಇಲ್ಲ.